ದೀಪದ ಲೋಟದಿಂದ ಶುರುವಾದ ಪ್ರಶ್ನೆ: ಎಣ್ಣೆ, ನೀರು ಯಾಕೆ ಬೆರೆಯುವುದಿಲ್ಲ?

ದೀಪದ_ಲೋಟ

ನಮ್ಮ ಮನೆಯಲ್ಲಿ ದೇವರ ಮುಂದೆ ಗಾಜಿನ ಲೋಟದ ದೀಪ ಇಡುತ್ತೇವೆ. ಅರ್ಧ ಲೋಟ ನೀರು, ಮೇಲೆ ಎರಡು ಬೆರಳಿನಷ್ಟು ಎಣ್ಣೆ, ಅದರ ಮೇಲೆ ತೇಲುವ ಬತ್ತಿ. ನಿನ್ನೆ ಸಂಜೆ ದೀಪ ಹಚ್ಚುವ ಮೊದಲು ಏಳನೇ ಕ್ಲಾಸಿನ ಮಗಳು ಚಮಚ ಹಾಕಿ ಚೆನ್ನಾಗಿ ಕಲಕಿಬಿಟ್ಟಳು. ಎಣ್ಣೆ ಸಣ್ಣ ಸಣ್ಣ ಗುಂಡಾಗಿ ಕೆಳಗೆ ಹೋಯಿತು. ಒಂದೊಂದೇ ಮೇಲೆ ಬಂತು. ಎರಡು ಗುಂಡು ಪಕ್ಕ ಪಕ್ಕ ನಿಂತು, ಸ್ವಲ್ಪ ಹೊತ್ತು ಹಾಗೇ ಇದ್ದು, ಪಟ್ ಅಂತ ಒಂದಾದವು. ಐದು ನಿಮಿಷದಲ್ಲಿ ಮತ್ತೆ ಮೊದಲಿನ ಹಾಗೇ ಎರಡು ಪದರ.

"ಅಪ್ಪಾ, ಯಾಕೆ ಬೆರೆಯಲ್ಲ?" ಅಂದಳು. "ಎಣ್ಣೆ ಹಗುರ, ನೀರು ಭಾರ, ಅದಕ್ಕೇ" ಅಂದೆ. ಸ್ವಲ್ಪ ಯೋಚನೆ ಮಾಡಿ, "ಜೇನುತುಪ್ಪ ನೀರಿಗಿಂತ ಭಾರ ಅಲ್ವಾ? ಅದು ಹೇಗೆ ಬೆರೆಯುತ್ತೆ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ನೋಟ್ಸಿನಲ್ಲೂ "ಎಣ್ಣೆ ಹಗುರವಾದ್ದರಿಂದ ಬೆರೆಯುವುದಿಲ್ಲ" ಅಂತಲೇ ಬರೆಸಿದ್ದಾರೆ. ಗೊತ್ತಿರುವವರು ಹೇಳಿ. ಏಳನೇ ಕ್ಲಾಸಿನ ಮಗುವಿಗೆ ಅರ್ಥವಾಗಬೇಕು, ಆದರೆ ಸುಳ್ಳು ಹೇಳಿ ಸುಲಭ ಮಾಡುವುದು ಬೇಡ.

ಸುಮ್ನೆ_ಓದುವವ

ನಾವೂ ಹಗುರ ಅಂತಲೇ ಓದಿದ್ದು. ಎಣ್ಣೆಯ ಸಾಂದ್ರತೆ ಸುಮಾರು 0.92, ನೀರಿನದು 1. ಇದರಲ್ಲಿ ತಪ್ಪೇನಿದೆ?

ಕೆಮಿಸ್ಟ್ರಿ_ಲ್ಯಾಬ್

ಅಂಕಿ ಸರಿ, ಕಾರಣ ತಪ್ಪು. ಯಾರು ಮೇಲೆ, ಯಾರು ಕೆಳಗೆ ಅನ್ನುವುದನ್ನು ಮಾತ್ರ ಸಾಂದ್ರತೆ ಹೇಳುತ್ತದೆ. ಬೆರೆಯುತ್ತಾರೋ ಇಲ್ಲವೋ ಅನ್ನುವುದು ಅದರ ಕೈಯಲ್ಲಿ ಇಲ್ಲ.

ಶುದ್ಧ ಎಥನಾಲ್‌ನ ಸಾಂದ್ರತೆ 0.79. ಎಣ್ಣೆಗಿಂತಲೂ ಹಗುರ. ಆದರೂ ನೀರಿನ ಜೊತೆ ಎಷ್ಟು ಬೇಕಾದರೂ ಬೆರೆಯುತ್ತದೆ. ಅಷ್ಟೇ ಅಲ್ಲ, 50 ಮಿ.ಲೀ. ಎಥನಾಲಿಗೆ 50 ಮಿ.ಲೀ. ನೀರು ಹಾಕಿದರೆ 100 ಸಿಗುವುದಿಲ್ಲ, 96–97 ಮಾತ್ರ ಸಿಗುತ್ತದೆ. ಎರಡರ ಅಣುಗಳೂ ಅಷ್ಟು ಒತ್ತಾಗಿ ಕೂರುತ್ತವೆ.

ಇನ್ನೊಂದು ಕಡೆಯಿಂದ ನೋಡಿ. ಲವಂಗದ ಎಣ್ಣೆ ನೀರಿಗಿಂತ ಭಾರ, ಸುಮಾರು 1.05. ನೀರಿಗೆ ಹಾಕಿದರೆ ಮುಳುಗುತ್ತದೆ. ಮುಳುಗಿದರೂ ಬೆರೆಯುವುದಿಲ್ಲ, ತಳದಲ್ಲಿ ಗುಂಡಾಗಿ ಕೂರುತ್ತದೆ. ನಿಮ್ಮ ಮಗಳ ಪ್ರಶ್ನೆ ನೂರಕ್ಕೆ ನೂರು ಸರಿ. ಅವಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ.

ಸುಮ್ನೆ_ಓದುವವ

ಲವಂಗದ ಎಣ್ಣೆ ಮುಳುಗುವುದು ಗೊತ್ತಿರಲಿಲ್ಲ. ಮನೆಯಲ್ಲಿ ಹಲ್ಲುನೋವಿಗೆ ಇಟ್ಟಿದ್ದ ಬಾಟಲಿಯಿಂದ ಈಗಷ್ಟೇ ಒಂದು ಹನಿ ಹಾಕಿ ನೋಡಿದೆ. ಮೊದಲು ಮೇಲೇ ನಿಂತಿತ್ತು, ಬೆರಳಲ್ಲಿ ತಟ್ಟಿದಾಗ ಕೆಳಗಿಳಿಯಿತು. ಸರಿ, ಒಪ್ಪಿದೆ. ಹಾಗಾದರೆ ನಿಜವಾದ ಕಾರಣ ಏನು?

ಕೆಮಿಸ್ಟ್ರಿ_ಲ್ಯಾಬ್

ಮೊದಲು ನಿಂತಿದ್ದು ನೀರಿನ ಮೇಲ್ಮೈ ಎಳೆತದಿಂದ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕೋಲಾಟ ನೋಡಿದ್ದೀರಲ್ಲ? ಎಲ್ಲರ ಕೈಯಲ್ಲೂ ಎರಡೆರಡು ಕೋಲು. ಎದುರಿನವರ ಕೋಲಿಗೆ ಒಂದು ಏಟು, ಪಕ್ಕದವರ ಕೋಲಿಗೆ ಒಂದು ಏಟು, ಮತ್ತೆ ಜೋಡಿ ಬದಲು. ನೀರಿನ ಅಣುಗಳು ಹೀಗೇ ಇರುತ್ತವೆ. ಅಣುವಿನ ಆಮ್ಲಜನಕದ ಕಡೆ ಸ್ವಲ್ಪ ಋಣ ವಿದ್ಯುತ್ತು, ಜಲಜನಕದ ಕಡೆ ಸ್ವಲ್ಪ ಧನ. ಆದ್ದರಿಂದ ಒಂದು ಅಣು ಸುತ್ತಲಿನ ನಾಲ್ಕು ಅಣುಗಳ ತನಕ ಹಿಡಿದುಕೊಳ್ಳಬಲ್ಲದು. ಹಿಡಿಯುತ್ತದೆ, ಬಿಡುತ್ತದೆ, ಬೇರೆಯದನ್ನು ಹಿಡಿಯುತ್ತದೆ. ಈ ಅದಲುಬದಲು ನಮ್ಮ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ನಡೆಯುತ್ತಲೇ ಇರುತ್ತದೆ.

ಈಗ ಕೋಲೇ ಇಲ್ಲದ ಒಬ್ಬ ದಪ್ಪ ಮನುಷ್ಯ ಆಟದ ನಡುವೆ ಬಂದು ನಿಂತ ಅಂದುಕೊಳ್ಳಿ. ಅವನೇ ಎಣ್ಣೆಯ ಅಣು. ಇಂಗಾಲ, ಜಲಜನಕಗಳ ಉದ್ದ ಬಾಲ, ಅದರಲ್ಲಿ ವಿದ್ಯುತ್ತಿನ ಏರುಪೇರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವನ ಸುತ್ತ ಇರುವವರು ಅವನ ಕಡೆ ಕೋಲು ಬೀಸಿ ಪ್ರಯೋಜನವಿಲ್ಲ. ಆಟ ಬಿಡುವ ಹಾಗೂ ಇಲ್ಲ. ಹಾಗಾಗಿ ಅವರು ಮೈ ತಿರುಗಿಸಿ, ಉಳಿದವರ ಜೊತೆಗೇ ಆಡುವ ಹಾಗೆ ನಿಲ್ಲಬೇಕಾಗುತ್ತದೆ. ಮೊದಲು ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದಿತ್ತು, ಈಗ ಕೆಲವೇ ದಿಕ್ಕು. ಕೋಲಿಲ್ಲದವರು ನೂರು ಜನ ನೂರು ಕಡೆ ನಿಂತರೆ ಇಡೀ ಆಟವೇ ಬಿಗಿದುಕೊಳ್ಳುತ್ತದೆ. ಅವರೆಲ್ಲ ಒಂದು ಮೂಲೆಗೆ ಸರಿದರೆ ಆ ಮೂಲೆಯ ಅಂಚಿನಲ್ಲಿ ಇರುವವರಿಗೆ ಮಾತ್ರ ತೊಂದರೆ, ಉಳಿದವರು ಆರಾಮ.

ನಿಮ್ಮ ಮಗಳು ನೋಡಿದಳಲ್ಲ, ಎರಡು ಗುಂಡು ಪಟ್ ಅಂತ ಒಂದಾಗಿದ್ದು? ಅದು ಇದೇ. ಎರಡು ಗುಂಡು ಒಂದಾದರೆ ಅಂಚು ಕಡಿಮೆಯಾಗುತ್ತದೆ.

ಜೇನು ಬೆರೆಯುವುದು ಯಾಕೆ ಅಂದರೆ ಅದೇ ಒಂದು ಸಕ್ಕರೆ ನೀರು. ಸಕ್ಕರೆಯ ಅಣುವಿನ ಮೈ ತುಂಬ ಕೋಲುಗಳಿವೆ.

ದೀಪದ_ಲೋಟ

ಕೋಲಾಟದ್ದು ತುಂಬಾ ಚೆನ್ನಾಗಿದೆ ಸರ್. ಮಗಳಿಗೆ ಓದಿ ಹೇಳಿದೆ. "ಅಂದ್ರೆ ನೀರಿಗೆ ಎಣ್ಣೆ ಕಂಡರೆ ಆಗಲ್ಲ" ಅಂದಳು.

ಅಣು_ಅಣು

ಆ ಒಂದು ಮಾತು ಅವಳ ತಲೆಯಲ್ಲಿ ಕೂರದಂತೆ ನೋಡಿಕೊಳ್ಳಿ. ದ್ವೇಷ, ಹಗೆ, ವಿಕರ್ಷಣೆ ಏನೂ ಇಲ್ಲ. ಎಣ್ಣೆಗೂ ನೀರಿಗೂ ನಡುವೆ ಆಕರ್ಷಣೆಯೇ ಇದೆ. ನೀರಿಗೆ ನೀರಿನ ಮೇಲೆ ಇರುವ ಆಕರ್ಷಣೆ ಅದಕ್ಕಿಂತ ತುಂಬಾ ಜಾಸ್ತಿ, ಅಷ್ಟೇ.

ಸಾಕ್ಷಿ ಬೇಕಾದರೆ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ್ದನ್ನು ನೋಡಿ. ಲಂಡನ್ನಿನ ಕ್ಲಾಪಮ್‌ನಲ್ಲಿ ಒಂದು ಕೊಳ. ಗಾಳಿಗೆ ಅಲೆ ಏಳುತ್ತಿತ್ತು. ಒಂದು ಟೀ ಚಮಚದಷ್ಟು ಎಣ್ಣೆ ಸುರಿದ. ಅದು ಹರಡುತ್ತಾ ಹರಡುತ್ತಾ ಅರ್ಧ ಎಕರೆ ನೀರು ಕನ್ನಡಿಯ ಹಾಗಾಯಿತು. ನಮ್ಮ ಲೆಕ್ಕದಲ್ಲಿ 20 ಗುಂಟೆ! 1774ರಲ್ಲಿ ಅದರ ವರದಿ ಪ್ರಕಟವಾಯಿತು. ನೀರು ಎಣ್ಣೆಯನ್ನು ದೂರ ತಳ್ಳುವುದೇ ಆಗಿದ್ದರೆ ಎಣ್ಣೆ ಮುದುಡಿ ಗುಂಡಾಗಿ ಕೂರಬೇಕಿತ್ತು, 20 ಗುಂಟೆ ಹರಡುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ. 5 ಮಿ.ಲೀ. ಎಣ್ಣೆಯನ್ನು ಸುಮಾರು 2000 ಚದರ ಮೀಟರಿಗೆ ಹಂಚಿದರೆ ದಪ್ಪ ಎಷ್ಟು? ಒಂದು ಮಿಲಿಮೀಟರಿನ 10 ಲಕ್ಷ ಭಾಗದಲ್ಲಿ ಎರಡೂವರೆ ಭಾಗ. ಹೆಚ್ಚುಕಡಿಮೆ ಒಂದು ಅಣುವಿನ ಎತ್ತರ. ಚಮಚ ಹಿಡಿದು ಕೊಳದ ದಡದಲ್ಲಿ ನಿಂತೇ ಅಣುವಿನ ಅಳತೆ ಸಿಗುವಂಥ ಪ್ರಯೋಗ ಅದು. ಫ್ರಾಂಕ್ಲಿನ್ ಆ ಲೆಕ್ಕ ಮಾಡಲಿಲ್ಲ ಅನ್ನುವುದು ನನಗೆ ಈಗಲೂ ಬೇಜಾರು.

ಕೆಮಿಸ್ಟ್ರಿ_ಲ್ಯಾಬ್

ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಅಡುಗೆ ಎಣ್ಣೆ ಅಷ್ಟು ಹರಡಲು ಅದರ ತಲೆಯ ಕಡೆ ಇರುವ ಆಮ್ಲಜನಕ ಕಾರಣ. ತಲೆ ನೀರಿಗೆ ತಾಗಿ ಕೂರುತ್ತದೆ, ಬಾಲ ಮೇಲಕ್ಕೆ. ಪ್ಯಾರಾಫಿನ್ ಎಣ್ಣೆಯಂಥ ಬರೀ ಬಾಲದ ಎಣ್ಣೆ ಹಾಗೆ ಹರಡದೆ ಸಣ್ಣ ಮಸೂರದ ಹಾಗೆ ತೇಲುತ್ತದೆ.

ಹುಬ್ಬಳ್ಳಿ_ಹುಡುಗಿ

ನನಗೊಂದು ತಕರಾರು ಇದೆ ರೀ. ಎಣ್ಣೆಯಲ್ಲೂ ಆಮ್ಲಜನಕ ಇದೆ ಅಂತ ನೀವೇ ಹೇಳಿದಿರಿ. ಅಂದರೆ ಕೋಲು ಇದೆ ಅಂತಾಯಿತಲ್ಲ. ಆಮೇಲೂ ಯಾಕೆ ಬೆರೆಯುವುದಿಲ್ಲ?

ಕೆಮಿಸ್ಟ್ರಿ_ಲ್ಯಾಬ್

ಬಾಲ ಉದ್ದವಾದಷ್ಟೂ ತಲೆಯ ಆಟ ನಡೆಯುವುದಿಲ್ಲ ಮೇಡಂ. ಆಲ್ಕೋಹಾಲ್‌ಗಳನ್ನೇ ಸಾಲಾಗಿ ನೋಡಿ. ಒಂದು ಇಂಗಾಲದ ಮೆಥನಾಲ್, ಎರಡರ ಎಥನಾಲ್, ಮೂರರ ಪ್ರೊಪನಾಲ್, ಮೂರೂ ನೀರಿನಲ್ಲಿ ಪೂರ್ತಿ ಬೆರೆಯುತ್ತವೆ. ನಾಲ್ಕು ಇಂಗಾಲದ ಬ್ಯುಟನಾಲ್‌ಗೆ ಬಂದರೆ 100 ಮಿ.ಲೀ. ನೀರಿಗೆ ಏಳೆಂಟು ಗ್ರಾಂ ಅಷ್ಟೇ. ತಲೆ ಅದೇ, ಬಾಲ ಒಂದು ಗಂಟು ಉದ್ದ. ತೆಂಗಿನ ಎಣ್ಣೆಯಲ್ಲಿ ಒಂದು ತಲೆಗೆ ಮೂರು ಬಾಲ, ಒಂದೊಂದರಲ್ಲೂ ಹೆಚ್ಚಾಗಿ 12 ಇಂಗಾಲ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಾಗಿ 18.

ಹುಬ್ಬಳ್ಳಿ_ಹುಡುಗಿ

ಈಗ ತಿಳಿಯಿತು ನೋಡ್ರಿ. ಖಾರ ಹತ್ತಿದಾಗ ನೀರು ಕುಡಿದರೆ ಯಾಕೆ ಕಡಿಮೆ ಆಗುವುದಿಲ್ಲ ಅನ್ನುವುದೂ ಇದೇ ಇರಬೇಕು. ನಮ್ಮಲ್ಲಿ ಮಿರ್ಚಿ ತಿಂದು ಬಾಯಿ ಉರಿದರೆ ಮಜ್ಜಿಗೆ ಕೊಡುತ್ತಾರೆ.

ಅಣು_ಅಣು

ಹೌದು. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ. ನೀರು ಕುಡಿದರೆ ಖಾರ ಬಾಯಲ್ಲೇ ಉಳಿದು ಇನ್ನಷ್ಟು ಕಡೆ ಹರಡುತ್ತದೆ. ಹಾಲು, ಮಜ್ಜಿಗೆಯಲ್ಲಿ ಇರುವ ಪ್ರೋಟೀನು, ಜಿಡ್ಡು ಅದನ್ನು ಹಿಡಿದುಕೊಂಡು ಹೋಗುತ್ತವೆ.

ಹಲಸಿನ_ಮೇಣ

ನಮ್ಮ ಕಡೆ ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ, ಕತ್ತಿಗೆ ತೆಂಗಿನ ಎಣ್ಣೆ ಹಚ್ಚುವುದು ಯಾಕೆ ಅಂತ ಈಗ ಯಾರೂ ಕೇಳಬೇಡಿ 😀 ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಎಣ್ಣೆಯವರು ಎಣ್ಣೆಯವರ ಜೊತೆ, ನೀರಿನವರು ನೀರಿನವರ ಜೊತೆ.

ಅಜ್ಜಿಮನೆ_ಅಡುಗೆ

ನೀವೆಲ್ಲ ಬೆರೆಯುವುದಿಲ್ಲ, ಬೆರೆಯುವುದಿಲ್ಲ ಅನ್ನುತ್ತಿದ್ದೀರಿ. ಹಾಲಿನಲ್ಲಿ ಏನಿದೆ ಹೇಳಿ? ನೀರೂ ಇದೆ, ಜಿಡ್ಡೂ ಇದೆ. ತೆಂಗಿನಕಾಯಿ ಹಾಲಿನಲ್ಲೂ ಅಷ್ಟೇ. ಬೆರೆತೇ ಇದೆಯಲ್ಲ?

ಕೆಮಿಸ್ಟ್ರಿ_ಲ್ಯಾಬ್

ಬೆರೆತಂತೆ ಕಾಣುತ್ತದೆ ಅಮ್ಮಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀರಿನೊಳಗೆ ಜಿಡ್ಡಿನ ಸಣ್ಣ ಸಣ್ಣ ಗುಂಡುಗಳು ಬೇರೆಯಾಗಿಯೇ ಇರುತ್ತವೆ. ಪ್ರತಿ ಗುಂಡಿಗೂ ಒಂದು ತೆಳು ಹೊದಿಕೆ ಇದೆ. ಆ ಹೊದಿಕೆಯಿಂದಾಗಿ ಗುಂಡುಗಳು ಒಂದಕ್ಕೊಂದು ಸೇರುವುದಿಲ್ಲ. ಹಾಲು ಬೆಳ್ಳಗೆ ಕಾಣುವುದೂ ಈ ಗುಂಡುಗಳು ಮತ್ತು ಹಾಲಿನ ಪ್ರೋಟೀನಿನ ಕಣಗಳು ಬೆಳಕನ್ನು ಚದುರಿಸುವುದರಿಂದ.

ಅಜ್ಜಿಮನೆ_ಅಡುಗೆ

ಹಾಗಾದರೆ ನಾನು ದಿನಾ ಮಾಡುವ ಕೆಲಸಕ್ಕೆ ಒಂದು ಅರ್ಥ ಬಂತು. ಮಜ್ಜಿಗೆ ಕಡೆಯುವಾಗ ಆ ಹೊದಿಕೆ ಹರಿಯುತ್ತದೆ ಅಂತಾಯಿತು. ಮೊದಲು ನೊರೆ ಬರುತ್ತದೆ. ಕಡೆಗೋಲು ಭಾರ ಆಗುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಸದ್ದೇ ಬದಲಾಗುತ್ತದೆ, ರವೆ ರವೆಯಾಗಿ ಬೆಣ್ಣೆ ಕಾಣುತ್ತದೆ. ಆಗ ತಣ್ಣೀರು ಹಾಕಬೇಕು. ಬೇಸಿಗೆಯಲ್ಲಿ ತಣ್ಣೀರು ಹಾಕದೆ ಕಡೆದರೆ ಬೆಣ್ಣೆ ಮುದ್ದೆಯಾಗುವುದೇ ಇಲ್ಲ, ಎಣ್ಣೆಯ ಹಾಗೆ ಜಾರುತ್ತದೆ.

ಬೆಣ್ಣೆ ತೆಗೆದ ಮೇಲೂ ನೀರು ಪೂರ್ತಿ ಹೋಗಿರುವುದಿಲ್ಲ. ತುಪ್ಪ ಕಾಯಿಸುವಾಗ ಚಟಪಟ ಅನ್ನುವುದು ಆ ನೀರೇ. ಸದ್ದು ನಿಂತಿತು, ಘಮ ಬಂತು, ತಳದ ಗಸಿ ಕೆಂಪಾಯಿತು ಅಂದರೆ ಇಳಿಸಬೇಕು. ನಾನು ಕೊನೆಯಲ್ಲಿ ಒಂದು ವೀಳ್ಯದೆಲೆ ಹಾಕುತ್ತೇನೆ.

ಅಣು_ಅಣು

ಮೊದಲು ನೀರಿನೊಳಗೆ ಜಿಡ್ಡಿನ ಗುಂಡು. ಬೆಣ್ಣೆಯಾದ ಮೇಲೆ ಜಿಡ್ಡಿನೊಳಗೆ ನೀರಿನ ಗುಂಡು. ಒಳಗಿದ್ದದ್ದು ಹೊರಗೆ, ಹೊರಗಿದ್ದದ್ದು ಒಳಗೆ. ಆ ಸದ್ದು ಬದಲಾಗುವ ಗಳಿಗೆ ಅಂದಿರಲ್ಲ, ಆಗಲೇ ಇದು ತಿರುಗುವುದು. ಬೆಣ್ಣೆಯಲ್ಲಿ ಸುಮಾರು 80 ಭಾಗ ಜಿಡ್ಡು, 16 ಭಾಗದಷ್ಟು ನೀರು.

ಕುಂದಾಪುರದ_ಕಾಯಿ

ಪಾಯಸಕ್ಕೆ ಕಾಯಿಹಾಲು ಹಾಕಿ ಕುದಿಸಿದರೆ ಒಡೆಯುವುದೂ ಇದೇನಾ? ಹಾಲು ಒಡೆಯುವ ಹಾಗೆ?

ಅಜ್ಜಿಮನೆ_ಅಡುಗೆ

ಹಾಲು ಒಡೆಯುವುದೇ ಬೇರೆ, ಕಾಯಿಹಾಲು ಒಡೆಯುವುದೇ ಬೇರೆ ಮಗಾ. ಹಾಲು ಹುಳಿ ತಾಗಿದರೆ ಗಟ್ಟಿ ಗಟ್ಟಿಯಾಗುತ್ತದೆ. ಕಾಯಿಹಾಲು ಜೋರಾಗಿ ಕುದಿದರೆ ಮೇಲೆ ಎಣ್ಣೆ ಬಿಡುತ್ತದೆ. ಅದಕ್ಕೇ ನೀರುಹಾಲಿನಲ್ಲಿ ಬೇಯಿಸಿ, ದಪ್ಪ ಹಾಲನ್ನು ಕೊನೆಗೆ ಹಾಕಿ, ಒಂದು ಬಿಸಿ ಬಂದ ಕೂಡಲೇ ಇಳಿಸುವುದು. ಕುದಿಸಿಯೇ ಕುದಿಸಿದರೆ ಎಣ್ಣೆಯೇ ಸಿಗುತ್ತದೆ. ಮೊದಲೆಲ್ಲ ಮಗುವಿನ ಮೈಗೆ ಹಚ್ಚಲು ಮನೆಯಲ್ಲಿ ಹಾಗೇ ಎಣ್ಣೆ ತೆಗೆಯುತ್ತಿದ್ದೆವು.

ಕೆಮಿಸ್ಟ್ರಿ_ಲ್ಯಾಬ್

ಅಮ್ಮ ಹೇಳಿದ್ದು ಪೂರ್ತಿ ಸರಿ. ಹಾಲಿನಲ್ಲಿ ಗಟ್ಟಿಯಾಗುವುದು ಕೇಸೀನ್ ಅನ್ನುವ ಪ್ರೋಟೀನು. ಕಾಯಿಹಾಲಿನಲ್ಲಿ ಗುಂಡುಗಳ ಹೊದಿಕೆಯಾಗಿದ್ದ ಪ್ರೋಟೀನು ಬಿಸಿಗೆ ಕೆಡುತ್ತದೆ, ಎಣ್ಣೆ ಬಿಡುಗಡೆಯಾಗುತ್ತದೆ.

ಅಡಿಕೆ_ತೋಟ

ನಮ್ಮ ತೋಟದ ಕತೆ ಹೇಳುತ್ತೇನೆ. ತರಕಾರಿ ಮಡಿಗೆ ಹುಳ ಬಿದ್ದಿತ್ತು. ಯಾರೋ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ ಅಂದರು. 16 ಲೀಟರಿನ ಕ್ಯಾನಿಗೆ 80 ಮಿ.ಲೀ. ಸುರಿದು, ಕೋಲಲ್ಲಿ ಕಲಕಿ, ಬೆನ್ನಿಗೆ ಹಾಕಿಕೊಂಡು ಹೊಡೆದೆ. ಎಣ್ಣೆ ಅಷ್ಟೂ ಮೇಲೆ ತೇಲುತ್ತಾ ಇದ್ದಿರಬೇಕು. ಕ್ಯಾನಿನ ತಳದಿಂದ ನೀರು ಎಳೆಯುತ್ತದಲ್ಲ, ಮೊದಲ ನಾಲ್ಕು ಸಾಲಿಗೆ ಬರೀ ನೀರು. ಕೊನೆಯ ಎರಡು ಸಾಲಿಗೆ ಎಣ್ಣೆಯೇ ಎಣ್ಣೆ. ಮೂರು ದಿನ ಬಿಟ್ಟು ನೋಡಿದರೆ ಮೊದಲ ಸಾಲಿನಲ್ಲಿ ಹುಳ ಹಾಗೇ ಇದೆ, ಕೊನೆಯ ಸಾಲಿನ ಬದನೆ ಎಲೆಗಳು ಸುಟ್ಟು ಮುದುಡಿವೆ.

ಆಮೇಲೆ ಪಕ್ಕದ ತೋಟದ ಅಣ್ಣ ಹೇಳಿದರು: ಎಣ್ಣೆಗೆ ಮೊದಲು ಸೋಪಿನ ನೀರು ಹಾಕಿ ಒಂದು ಚೊಂಬಿನಲ್ಲಿ ಚೆನ್ನಾಗಿ ಕಲಕು. ಹಾಲಿನ ಹಾಗೆ ಬೆಳ್ಳಗಾದ ಮೇಲೆ ಕ್ಯಾನಿಗೆ ಹಾಕು. ಸಂಜೆ ಹೊತ್ತು ಹೊಡೆ. ಹಾಗೆ ಮಾಡಿದ ಮೇಲೆ ತೊಂದರೆ ಇಲ್ಲ. ಯಾಕೆ ಅಂತ ಮಾತ್ರ ಇವತ್ತೇ ಗೊತ್ತಾಗಿದ್ದು.

ಅಣು_ಅಣು

ಸೋಪಿನ ಅಣುವಿಗೆ ಒಂದು ತುದಿಯಲ್ಲಿ ಕೋಲು, ಇನ್ನೊಂದು ತುದಿಯಲ್ಲಿ ಎಣ್ಣೆಯಂಥದೇ ಬಾಲ. ಬಾಲವನ್ನು ಎಣ್ಣೆಯ ಗುಂಡಿಗೆ ಚುಚ್ಚಿ, ತಲೆಯನ್ನು ನೀರಿಗೆ ಕೊಟ್ಟು ನಿಲ್ಲುತ್ತದೆ. ಅಂಗಡಿಯ ಕೀಟನಾಶಕದ ಡಬ್ಬದ ಮೇಲೆ ಇ.ಸಿ. (ನೀರಿಗೆ ಬೆರೆಸಿ ಹೊಡೆಯುವ ಗಾಢ ದ್ರವ) ಅಂತ ಇರುತ್ತದಲ್ಲ, ಅದರೊಳಗೆ ಇಂಥದ್ದನ್ನು ಮೊದಲೇ ಸೇರಿಸಿರುತ್ತಾರೆ. ಅದಕ್ಕೇ ನೀರಿಗೆ ಬಿದ್ದ ಕೂಡಲೇ ಬೆಳ್ಳಗಾಗುತ್ತದೆ.

ಸುಮ್ನೆ_ಓದುವವ

ನೆಲ ಒರೆಸುವ ಫಿನಾಯಿಲ್ ನೀರಿಗೆ ಹಾಕಿದರೆ ಬೆಳ್ಳಗಾಗುವುದೂ ಇದೇ ತಾನೆ?

ಕೆಮಿಸ್ಟ್ರಿ_ಲ್ಯಾಬ್

ಅದೇ. ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಗುಂಡುಗಳು.

ಮಾತಿನ_ಮಂಟಪ

ಎಲ್ಲರೂ ಒಂದು ವಿಷಯ ಮರೆತಿದ್ದೀರಿ. ನಾವು ಆಗದವರಿಬ್ಬರ ಬಗ್ಗೆ ಏನು ಹೇಳುತ್ತೇವೆ? "ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ" ಅನ್ನುತ್ತೇವೆ. ಎಣ್ಣೆ ನೀರು ಅನ್ನುವುದಕ್ಕಿಂತ ಎಣ್ಣೆ ಸೀಗೆಕಾಯಿ ಅನ್ನುವುದೇ ಜಾಸ್ತಿ. ಆದರೆ ಸೀಗೆಕಾಯಿ ಮಾಡುವುದು ಸೋಪಿನ ಕೆಲಸ. ಎಣ್ಣೆಯನ್ನು ನೀರಿಗೆ ಸೇರಿಸುವುದೇ ಅದು. ಅಂದ ಮೇಲೆ ಈ ಮಾತೇ ತಪ್ಪಲ್ವಾ?

ಅಜ್ಜಿಮನೆ_ಅಡುಗೆ

ಮಾತು ತಪ್ಪಲ್ಲ. ಸೀಗೆಕಾಯಿ ಬಂದರೆ ಎಣ್ಣೆ ಇರುವುದಿಲ್ಲ. ಹಬ್ಬದ ದಿನ ತಲೆಗೆ ಎಣ್ಣೆ ಒತ್ತಿಸಿಕೊಂಡು ಕೂತು, ಸೀಗೆಕಾಯಿ ಹಾಕಿ ತಿಕ್ಕಿ ನೋಡಿ. ಒಂದು ಇದ್ದ ಕಡೆ ಇನ್ನೊಂದು ನಿಲ್ಲುವುದಿಲ್ಲ. ಅದನ್ನು ಕಂಡೇ ಹೇಳಿದ್ದು.

ಮಾತಿನ_ಮಂಟಪ

ಆದರೆ ಎಣ್ಣೆ ಎಲ್ಲಿಗೆ ಹೋಯಿತು ಅಮ್ಮಾ? ಸೀಗೆಕಾಯಿಯ ಕೈ ಹಿಡಿದುಕೊಂಡೇ ಬಚ್ಚಲಿನ ಮೋರಿಗೆ ಹೋಯಿತು. ಜಗಳ ಆಡಿ ಹೋಗಿದ್ದಲ್ಲ, ಜೊತೆಗೇ ಹೋಗಿದ್ದು.

ಅಣು_ಅಣು

ವಿಜ್ಞಾನದ ಲೆಕ್ಕದಲ್ಲಿ ಮಂಟಪದವರು ಸರಿ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಇದೆ, ಅದಕ್ಕೆ ಸೋಪಿನ ಗುಣ. ತಲೆ ತೊಳೆಯುವವರ ಲೆಕ್ಕದಲ್ಲಿ ಅಮ್ಮ ಸರಿ. ನನ್ನ ವೋಟು ಅಮ್ಮನಿಗೆ, ಯಾಕೆಂದರೆ ಆ ಮಾತು ಹುಟ್ಟಿದ್ದು ಬಚ್ಚಲಮನೆಯಲ್ಲಿ.

ಗ್ಯಾರೇಜು_ಶಿವಮೊಗ್ಗ

ಬೆರೆತಿದ್ದು ಬೇರೆಯಾಗುವ ತೊಂದರೆ ನಮಗೆ ಈಗ ಜಾಸ್ತಿ. ಪೆಟ್ರೋಲಿಗೆ ಎಥನಾಲ್ ಸೇರಿಸುತ್ತಾರಲ್ಲ, ಶೇ 20ರದ್ದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲೇ ಅದಕ್ಕೆ ಚಾಲನೆ ಕೊಟ್ಟಿದ್ದು.

ಕಳೆದ ಮಳೆಗಾಲದಲ್ಲಿ ಒಂದು ಸ್ಕೂಟರ್ ತಳ್ಳಿಕೊಂಡು ಬಂದರು. ಎರಡು ವಾರ ಮಳೆಯಲ್ಲೇ ನಿಂತಿತ್ತು. ಟ್ಯಾಂಕಿನಿಂದ ಬಿಳಿ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದರೆ ನಡುವೆ ಗೆರೆ ಎಳೆದ ಹಾಗೆ ಎರಡು ಪದರ. ಗಿರಾಕಿ ಬಂಕಿನವರೇ ನೀರು ಹಾಕಿದ್ದಾರೆ ಅಂತ ಕೂಗಾಡಿದರು. ನಾನು ಟ್ಯಾಂಕಿನ ಮುಚ್ಚಳ ತೋರಿಸಿದೆ. ಅದರ ರಬ್ಬರ್ ವಾಷರ್ ಸೀಳಿ ಹೋಗಿತ್ತು. ಆದರೆ ಕೆಳಗಿನ ಪದರ ಅಷ್ಟು ಜಾಸ್ತಿ ಯಾಕೆ ಇತ್ತು ಅನ್ನುವುದು ನನಗೂ ಬಗೆಹರಿಯಲಿಲ್ಲ. ಅಷ್ಟು ನೀರು ಆ ಸೀಳಿನಲ್ಲಿ ಹೋಗಲು ಸಾಧ್ಯವಿಲ್ಲ.

ಕೆಮಿಸ್ಟ್ರಿ_ಲ್ಯಾಬ್

ಅದು ಬರೀ ನೀರಲ್ಲ ಅಣ್ಣಾ. ಎಥನಾಲಿಗೆ ಒಂದು ಕಡೆ ಕೋಲು, ಒಂದು ಕಡೆ ಸಣ್ಣ ಬಾಲ. ಹಾಗಾಗಿ ಪೆಟ್ರೋಲಿನ ಜೊತೆಗೂ ಹೊಂದುತ್ತದೆ, ನೀರಿನ ಜೊತೆಗೂ ಹೊಂದುತ್ತದೆ. ಸ್ವಲ್ಪ ನೀರು ಬಂದರೆ ಎಥನಾಲ್ ಅದನ್ನು ಪೆಟ್ರೋಲಿನೊಳಗೇ ಹಿಡಿದಿಡುತ್ತದೆ. ನೀರು ಒಂದು ಮಿತಿ ದಾಟಿತು ಅಂದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಹೋಗುತ್ತದೆ. ನೀರು ಮತ್ತು ಎಥನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ನೀವು ನೋಡಿದ ಪದರದಲ್ಲಿ ಎಥನಾಲೂ ಬೇಕಾದಷ್ಟು ಇತ್ತು. ರಾತ್ರಿ ಚಳಿ ಜಾಸ್ತಿಯಾದರೆ ಆ ಮಿತಿಯೂ ಕೆಳಗಿಳಿಯುತ್ತದೆ.

ಗ್ಯಾರೇಜು_ಶಿವಮೊಗ್ಗ

ಈಗ ಲೆಕ್ಕ ಕೂಡಿತು ಸರ್. ಗಿರಾಕಿಗಳಿಗೆ ಹೇಳಲು ಬಾಯಿಗೆ ಒಂದು ಮಾತು ಸಿಕ್ಕಿತು. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಮುಚ್ಚಳದ ವಾಷರ್ ಬದಲಾಯಿಸಿ. ಇಷ್ಟು ಮಾಡಿದರೆ ಸಾಕು.

ಬಿಎಸ್ಸಿ_ನೆನಪು

ಚಳಿಗೆ ಬೇರೆಯಾಗುತ್ತದೆ ಅಂದಾಗ ಪ್ರಾಕ್ಟಿಕಲ್ ನೆನಪಾಯಿತು! ಫೀನಾಲ್ ಅನ್ನುವ ರಾಸಾಯನಿಕ ಮತ್ತು ನೀರು. ದಪ್ಪ ಪ್ರನಾಳದಲ್ಲಿ ಎರಡನ್ನೂ ಹಾಕಿದರೆ ಮೋಡ ಕವಿದ ಹಾಗೆ ಬೆಳ್ಳಗಿರುತ್ತದೆ. ಬಿಸಿ ನೀರಿನಲ್ಲಿ ಇಟ್ಟು ಕಲಕುತ್ತಾ ಥರ್ಮಾಮೀಟರ್ ನೋಡುತ್ತಾ ಇರಬೇಕು. 66 ಡಿಗ್ರಿ ಆಸುಪಾಸಿನಲ್ಲಿ ಒಂದೇ ಸಲಕ್ಕೆ ತಿಳಿಯಾಗುತ್ತದೆ, ಹಿಂದೆ ಇಟ್ಟ ಪುಸ್ತಕದ ಅಕ್ಷರ ಓದಬಹುದು. ಹೊರಗೆ ತೆಗೆದು ತಣಿಸಿದರೆ ಮತ್ತೆ ಮೋಡ. ಎರಡೂ ಉಷ್ಣತೆಯ ಸರಾಸರಿ ಬರೆಯಬೇಕು. ಉಪ್ಪು ಹಾಕಿದ ನೀರಾದರೆ ಈ ಉಷ್ಣತೆ ಏರುತ್ತದೆ. ಎಷ್ಟು ಏರಿತು ಅಂತ ಗ್ರಾಫ್ ಹಾಕಿ, ಕೊಟ್ಟ ನೀರಿನಲ್ಲಿ ಎಷ್ಟು ಉಪ್ಪಿದೆ ಅಂತ ಕಂಡುಹಿಡಿಯುವುದು. ನನ್ನ ಬೆರಳಿಗೆ ಫೀನಾಲ್ ತಾಗಿ ಚರ್ಮ ಬೆಳ್ಳಗಾಗಿತ್ತು. ವಾರ ಬಿಟ್ಟು ಸಿಪ್ಪೆ ಎದ್ದಿತ್ತು.

ದೀಪದ_ಲೋಟ

ಅಂದರೆ ಬಿಸಿ ಮಾಡಿದರೆ ಎಲ್ಲವೂ ಬೆರೆಯುತ್ತವಾ?

ಕೆಮಿಸ್ಟ್ರಿ_ಲ್ಯಾಬ್

ಇಲ್ಲ. ಕೆಲವು ಉಲ್ಟಾ. ಟ್ರೈಈಥೈಲ್ ಅಮೀನ್ ಅನ್ನುವ ದ್ರವ ತಣ್ಣೀರಿನಲ್ಲಿ ಪೂರ್ತಿ ಬೆರೆಯುತ್ತದೆ, 19 ಡಿಗ್ರಿ ಹತ್ತಿರ ಬಂದರೆ ಬೇರೆಯಾಗುತ್ತದೆ. ಅಂಗೈಯಲ್ಲಿ ಹಿಡಿದರೆ ಸಾಕು, ಮೋಡ ಕವಿಯುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಇನ್ನೂ ವಿಚಿತ್ರ. ಸುಮಾರು 61 ಡಿಗ್ರಿ ತನಕ ನೀರಿನಲ್ಲಿ ಬೆರೆಯುತ್ತದೆ, ಆಮೇಲೆ ಬೇರೆಯಾಗುತ್ತದೆ, ಒತ್ತಡದಲ್ಲಿಟ್ಟು 210 ಡಿಗ್ರಿ ಹತ್ತಿರಕ್ಕೆ ಕಾಯಿಸಿದರೆ ಮತ್ತೆ ಬೆರೆಯುತ್ತದೆ. ಕೋಲಾಟವೇ ಇದಕ್ಕೂ ಕಾರಣ. ತಣ್ಣಗಿರುವಾಗ ಹಿಡಿದ ಕೈ ಬಿಸಿಯಲ್ಲಿ ಬಿಟ್ಟುಹೋಗುತ್ತದೆ. ಬಿಸಿ ಇನ್ನೂ ಏರಿದರೆ ಓಡಾಟವೇ ಎಷ್ಟು ಜೋರಾಗುತ್ತದೆ ಅಂದರೆ ಯಾರು ಯಾರ ಜೊತೆ ಅನ್ನುವ ಭೇದ ಉಳಿಯುವುದಿಲ್ಲ.

ಕುಂದಾಪುರದ_ಕಾಯಿ

ಎಣ್ಣೆ, ನೀರು ಮಾತ್ರ ಬಿಸಿ ಮಾಡಿ ನೋಡಲು ಹೋಗಬೇಡಿ ಯಾರೂ. ಮಕ್ಕಳು ಓದುತ್ತಿರುತ್ತಾರೆ. ಒದ್ದೆ ಕರಿಬೇವು ಬಿಸಿ ಎಣ್ಣೆಗೆ ಬಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಅಣು_ಅಣು

ಒಳ್ಳೆಯ ಮಾತು. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿಯುತ್ತದೆ. ಎಣ್ಣೆಯ ಬಿಸಿ 100 ಡಿಗ್ರಿಗಿಂತ ಎಷ್ಟೋ ಜಾಸ್ತಿ ಇರುವುದರಿಂದ ಅಲ್ಲೇ ಆವಿಯಾಗುತ್ತದೆ. ಆವಿಗೆ ನೀರಿನ 1600ರಿಂದ 1700 ಪಟ್ಟು ಜಾಗ ಬೇಕು. ಮೇಲಿನ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಬಾಣಲೆಗೆ ಬೆಂಕಿ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಒಲೆ ಆರಿಸಿ, ತಟ್ಟೆ ಮುಚ್ಚಿ.

ಮಸ್ಕತ್_ಕನ್ನಡಿಗ

ನಿಮ್ಮದೆಲ್ಲ ಬೆರೆಸುವ ಕಷ್ಟ, ನಮ್ಮದು ಬಿಡಿಸುವ ಕಷ್ಟ. ನಾನು ತೈಲ ಬಾವಿಯ ಕಡೆ ಕೆಲಸ ಮಾಡುತ್ತೇನೆ. ಕಚ್ಚಾ ತೈಲ ಒಂದೇ ಬರುವುದಿಲ್ಲ, ಜೊತೆಗೆ ಉಪ್ಪುನೀರು ಬರುತ್ತದೆ. ವಾಲ್ವ್‌ಗಳಲ್ಲಿ ನುಗ್ಗಿ ಬರುವಾಗ ನೀರು ಪುಡಿಪುಡಿಯಾಗಿ ತೈಲದೊಳಗೆ ಸೇರಿಕೊಳ್ಳುತ್ತದೆ. ತೈಲದಲ್ಲಿರುವ ಟಾರಿನಂಥ ಅಂಶವೇ ಆ ಗುಂಡುಗಳಿಗೆ ಹೊದಿಕೆ. ನೋಡಲು ಕರಿ ಮೊಸರಿನ ಹಾಗೆ ಇರುತ್ತದೆ. ಸುಮ್ನೆ ಬಿಟ್ಟರೆ ದಿನಗಟ್ಟಲೆ ಹಾಗೇ ಇರುತ್ತದೆ. ಬಿಸಿ ಮಾಡಿ, ಹೊದಿಕೆ ಹರಿಯುವ ರಾಸಾಯನಿಕ ಸ್ವಲ್ಪ ಹಾಕಿ, ಕೊನೆಗೆ ಜೋರು ವೋಲ್ಟೇಜಿನ ವಿದ್ಯುತ್ ಕ್ಷೇತ್ರದಲ್ಲಿ ಹಾಯಿಸುತ್ತೇವೆ. ಆಗ ನೀರಿನ ಗುಂಡುಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಕೆಳಗಿಳಿಯುತ್ತವೆ.

ಅಮ್ಮ ಬೆಣ್ಣೆ ತೆಗೆದದ್ದನ್ನು ಓದುವಾಗ ನಮ್ಮ ಪ್ಲಾಂಟೇ ಕಣ್ಣ ಮುಂದೆ ಬಂತು.

ಅಜ್ಜಿಮನೆ_ಅಡುಗೆ

ಅಷ್ಟು ದೂರ ಹೋಗಿ ಮಜ್ಜಿಗೆ ಕಡೆಯುತ್ತಿದ್ದೀಯಲ್ಲಪ್ಪ. ಊಟ ಸರಿಯಾಗಿ ಮಾಡು.

ಹುಬ್ಬಳ್ಳಿ_ಹುಡುಗಿ

ಗಾಳಿಯಲ್ಲಿ ಎಷ್ಟೊಂದು ಅನಿಲ ಇವೆ, ಅವೆಲ್ಲ ಬೆರೆತೇ ಇರುತ್ತವಲ್ಲ. ಅಲ್ಲಿ ಯಾಕೆ ಪದರ ಇಲ್ಲ?

ಅಣು_ಅಣು

ಅನಿಲದಲ್ಲಿ ಅಣುಗಳು ಒಂದರಿಂದೊಂದು ತುಂಬಾ ದೂರ. ಒಬ್ಬರ ಕೋಲು ಇನ್ನೊಬ್ಬರಿಗೆ ಎಟುಕುವುದೇ ಇಲ್ಲ. ಅದಕ್ಕೇ ನಮ್ಮ ಸುತ್ತಲಿನ ಗಾಳಿಯಂಥ ಒತ್ತಡದಲ್ಲಿ ಯಾವ ಅನಿಲವಾದರೂ ಯಾವುದರ ಜೊತೆಗಾದರೂ ಬೆರೆಯುತ್ತದೆ. ಹತ್ತಿರ ಬಂದಾಗಲೇ ಹೊಂದಾಣಿಕೆಯ ಪ್ರಶ್ನೆ.

ದೀಪದ_ಲೋಟ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮಗಳು ಎರಡು ಬಾಟಲಿ ತಂದಳು. ಎರಡಕ್ಕೂ ಒಂದೊಂದು ಲೋಟ ನೀರು, ಒಂದೊಂದು ಚಮಚ ಕಡಲೆಕಾಯಿ ಎಣ್ಣೆ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಅಂಟುವಾಳ ನೆನೆಸಿ ಕಿವುಚಿದ ನೀರು. ಎರಡನ್ನೂ ನೂರು ಎಣಿಸುವ ತನಕ ಕುಲುಕಿದಳು. ಬರೀ ನೀರಿನದು ನಾಲ್ಕು ನಿಮಿಷಕ್ಕೆ ಬೇರೆಯಾಯಿತು. ಅಂಟುವಾಳದ್ದು ಬೆಳಿಗ್ಗೆ ಎದ್ದಾಗಲೂ ಬೆಳ್ಳಗೇ ಇತ್ತು. ಆದರೆ ಮೇಲಿನ ಒಂದು ಬೆರಳಷ್ಟು ಭಾಗ ಕೆಳಗಿನದಕ್ಕಿಂತ ದಪ್ಪ, ಕೆನೆಯ ಹಾಗೆ. ಅವಳು ಅದನ್ನು ಬರೆದುಕೊಂಡು, "ಬೇರೆ ಆಯಿತಾ, ಆಗಲಿಲ್ವಾ?" ಅಂತ ಕೇಳುತ್ತಿದ್ದಾಳೆ.

ಕೆಮಿಸ್ಟ್ರಿ_ಲ್ಯಾಬ್

ಎಣ್ಣೆಯ ಗುಂಡುಗಳು ಹಗುರ, ಹಾಗಾಗಿ ಮೇಲೆ ಬಂದಿವೆ. ಹೊದಿಕೆ ಇರುವುದರಿಂದ ಒಂದಾಗಿಲ್ಲ. ಹಾಲಿನ ಮೇಲೆ ಕೆನೆ ಕಟ್ಟುವುದೂ ಹೀಗೇ. "ಹಗುರ" ಅನ್ನುವ ಮಾತಿಗೆ ಸರಿಯಾದ ಜಾಗ ಇದು ಅಂತ ಅವಳಿಗೆ ಹೇಳಿ. ಬಾಟಲಿ ತಲೆಕೆಳಗು ಮಾಡಿದರೆ ಕೆನೆ ಮತ್ತೆ ಹರಡುತ್ತದೆ. ಮೇಲೆ ಹಳದಿ ಎಣ್ಣೆ ಬೇರೆಯಾಗಿ ಕಂಡ ದಿನ ಬೇರೆಯಾಯಿತು ಅಂತ ಬರೆಯಲಿ.

ಅಡಿಕೆ_ತೋಟ

ಅಂಟುವಾಳ ಎಷ್ಟು ಕಾಯಿ ಹಾಕಿದಿರಿ? ಸೋಪಿನ ಪುಡಿ ಬದಲು ಅದನ್ನೇ ಬೇವಿನ ಎಣ್ಣೆಗೆ ಹಾಕಿ ನೋಡೋಣ ಅಂತಿದ್ದೇನೆ. ನಮ್ಮ ಬೇಲಿಯಲ್ಲೇ ಎರಡು ಮರ ಇದೆ.

ದೀಪದ_ಲೋಟ

ಒಂದು ಲೋಟ ನೀರಿಗೆ ಮೂರು ಕಾಯಿ, ಬೀಜ ತೆಗೆದು. ಬೆಳಿಗ್ಗೆಯಿಂದ ಸಂಜೆ ತನಕ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿದೆವು. ಮೊದಲು ಒಂದು ಸಾಲಿಗೆ ಮಾತ್ರ ಹೊಡೆದು ನೋಡಿ. ಬದನೆ ಎಲೆ ಹೇಗಿದೆ ಅಂತ ಇಲ್ಲೇ ಬರೆಯಿರಿ, ಮಗಳು ಕಾಯುತ್ತಿರುತ್ತಾಳೆ.